ಡಬ್ಬಿಯ ಶನಿವಾರಗಳು

ನನ್ನ ಬಾಲ್ಯದ ಶನಿವಾರ ಮಧ್ಯಾಹ್ನಗಳೆಲ್ಲ ಪ್ಲಾಸ್ಟಿಕ್ ಡಬ್ಬಿಗಳ ಪಾಲಾದವು. ದುಃಖಪಡುವಷ್ಟು ದೊಡ್ಡ ವಿಷಯವೇನೂ ಅಲ್ಲ ಅದು. ಇವತ್ತಿಗೂ ನೆನೆಸಿಕೊಂಡರೆ ನನಗೆ ಬರುವುದು ತಾತ್ಸಾರವೇ. ಬಸವೇಶ್ವರನಗರದಿಂದ ಕುರುಬರಹಳ್ಳಿ ಕಡೆಗೆ ಇಳಿಯುವ ರಸ್ತೆಯಲ್ಲಿ ನಮ್ಮದು ಬಾಡಿಗೆ ಮನೆ. ಮುಂದೆ ಒಂದು ಹಾಲ್, ಪಕ್ಕದಲ್ಲಿ ಬಾಗಿಲಿಗೆ ಬದಲು ಹೂವಿನ ಪರದೆ ಇಳಿಬಿಟ್ಟಿದ್ದ ಒಂದು ರೂಮು, ಹಿಂದೆ ಇಬ್ಬರು ನಿಂತರೆ ಮೂರನೆಯವರು ಹೊರಗೆ ಕಾಯಬೇಕಾದಂಥ ಅಡುಗೆಮನೆ. ಶನಿವಾರ ಊಟ ಮುಗಿಯುತ್ತಿದ್ದಂತೆ ಅಮ್ಮ ಸೋಫಾವನ್ನು ಗೋಡೆಗೆ ತಳ್ಳಿ, ಜಮಖಾನೆ ಹಾಸಿ, ಟೀವಿಯ ಮೇಲೆ ಕಸೂತಿ ಬಟ್ಟೆ ಹೊದಿಸಿ, ದಿವಾನದ ಮೇಲೆ ಡಬ್ಬಿಗಳನ್ನು ಗೋಪುರದ ಹಾಗೆ ಜೋಡಿಸುತ್ತಿದ್ದಳು. ಹಸಿರು, ತಿಳಿನೀಲಿ, ಗುಲಾಬಿ. ಅವುಗಳಲ್ಲಿ ಒಂದನ್ನೂ ನಾವು ಮುಟ್ಟುವಂತಿರಲಿಲ್ಲ. ನಮ್ಮ ಮನೆಯ ಬೇಳೆ, ಸಾಸಿವೆ, ಹುಣಸೆಹಣ್ಣು ಹಾಲಿನ ಪುಡಿಯ ಹಳೆಯ ಟಿನ್ನುಗಳಲ್ಲಿ, ಮುಚ್ಚಳ ಸರಿಯಾಗಿ ಕೂರದ ಉಪ್ಪಿನಕಾಯಿ ಬಾಟಲಿಗಳಲ್ಲಿ ಇದ್ದವು. ಊರಿಗೆಲ್ಲ ಗಾಳಿಯಾಡದ ಡಬ್ಬಿ ಮಾರುವ ಮನೆಯಲ್ಲಿ ರವೆಗೆ ಹುಳು ಬೀಳುತ್ತಿತ್ತು.

ಆ ಮಾರಾಟಕ್ಕೆ ಪಾರ್ಟಿ ಅಂತ ಹೆಸರು. ಅಂಗಡಿ ಇರಲಿಲ್ಲ, ಬೋರ್ಡು ಇರಲಿಲ್ಲ. ಒಬ್ಬಳು ಹೆಂಗಸು ತನ್ನ ಮನೆಗೆ ಹತ್ತು ಹನ್ನೆರಡು ಹೆಂಗಸರನ್ನು ಕರೆಯಬೇಕು, ತಿಂಡಿ ಕೊಡಬೇಕು, ಆಟ ಆಡಿಸಬೇಕು, ಕೊನೆಗೆ ಡಬ್ಬಿ ಮಾರಬೇಕು. ಅಪ್ಪ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಅವನು ಇದಕ್ಕೆ ಬೇಡ ಅನ್ನಲಿಲ್ಲ. ಯಾವುದಕ್ಕೂ ಬೇಡ ಅನ್ನುವ ಜಾಯಮಾನ ಅವನದಲ್ಲ. ನಗುವುದು ಅವನ ಜಾಯಮಾನ.

“ಪಾರ್ಟಿ ಅಂದ್ರೆ ಒಂದೋ ಕೇಕ್ ಇರ್ಬೇಕು, ಇಲ್ಲ ಓಟು ಇರ್ಬೇಕು. ನಿಮ್ಮಮ್ಮಂದು ಯಾವುದು ಕೇಳು,” ಎನ್ನುತ್ತಿದ್ದ ನನ್ನ ಹತ್ತಿರ, ಅಮ್ಮ ಎದುರಿಗೇ ಇರುವಾಗ.

ನಾನು ನಗುತ್ತಿದ್ದೆ. ಅವನು ಹೇಳಿದ್ದಕ್ಕೆಲ್ಲ ನಗುತ್ತಿದ್ದೆ. ಪಾರ್ಟಿ ನಡೆಯುವಷ್ಟು ಹೊತ್ತೂ ಅವನು ಪರದೆಯ ಹಿಂದೆ ಮಂಚದ ಮೇಲೆ ಪೇಪರ್ ಹಿಡಿದು ಮಲಗಿರುತ್ತಿದ್ದ. ಹೆಂಗಸರು ಹೋದ ಮೇಲೆ ಹೊರಗೆ ಬಂದು, ಟವೆಲನ್ನು ಸೆರಗಿನ ಹಾಗೆ ಹೊದ್ದುಕೊಂಡು, ಯಾರು ಹೇಗೆ ಮಾತಾಡಿದರು, ಯಾರು ಎರಡನೇ ಸಲ ಉಪ್ಪಿಟ್ಟು ಹಾಕಿಸಿಕೊಳ್ಳುವಾಗ ಹೇಗೆ ಬೇಡ ಬೇಡ ಎಂದರು ಎಂದು ಅಭಿನಯಿಸಿ ತೋರಿಸುತ್ತಿದ್ದ. ಅಡುಗೆಮನೆಯಲ್ಲಿ ಅಮ್ಮ ಹನ್ನೆರಡು ತಟ್ಟೆ ತೊಳೆಯುತ್ತಿರುತ್ತಿದ್ದಳು. ಅವಳಿಗೆ ಎಲ್ಲವೂ ಕೇಳಿಸುತ್ತಿತ್ತು. ನಮ್ಮ ಮನೆ ಅಷ್ಟು ಚಿಕ್ಕದು.

ಆ ಪಾರ್ಟಿಯಲ್ಲಿ ನನ್ನದೂ ಒಂದು ಪಾತ್ರವಿತ್ತು. ಡಬ್ಬಿಯ ಮುಚ್ಚಳ ಎಷ್ಟು ಬಿಗಿ ಎಂದು ತೋರಿಸುವುದಕ್ಕೆ ಅಮ್ಮ ಅದರ ತುಂಬ ಸಾರು ಹುಯ್ದು, ಮುಚ್ಚಳದ ನಡುವೆ ಒತ್ತಿ ಟುಸ್ ಎಂದು ಗಾಳಿ ತೆಗೆದು, ನನ್ನನ್ನು ಜಮಖಾನೆಯ ನಡುವೆ ಕೂರಿಸಿ, ನನ್ನ ತಲೆಯ ಮೇಲೆ ಡಬ್ಬಿಯನ್ನು ತಲೆಕೆಳಗು ಮಾಡಿ ಅಲ್ಲಾಡಿಸುತ್ತಿದ್ದಳು. ಹೆಂಗಸರೆಲ್ಲ ಅಯ್ಯಯ್ಯೋ ಎಂದು ಬಾಯಿಗೆ ಕೈ ಇಟ್ಟುಕೊಳ್ಳುತ್ತಿದ್ದರು. ಹೋದ ತಿಂಗಳು ನೋಡಿದವರೇ ಈ ತಿಂಗಳೂ ಅಷ್ಟೇ ಗಾಬರಿಯಾಗುತ್ತಿದ್ದರು. ಹದಿಮೂರು ವರ್ಷದ ಹುಡುಗಿಗೆ ಇದಕ್ಕಿಂತ ಅವಮಾನ ಬೇಕಿಲ್ಲ. ಒಂದು ಸಲವಾದರೂ ಸೋರಲಿ, ಎಲ್ಲರೆದುರು ನನ್ನ ಮುಖದ ಮೇಲೆ ಸಾರು ಇಳಿಯಲಿ, ಈ ಕಂಪನಿ ಮುಳುಗಲಿ ಎಂದು ಕಣ್ಣು ಮುಚ್ಚಿಕೊಂಡು ಬೇಡಿಕೊಳ್ಳುತ್ತಿದ್ದೆ. ಡಬ್ಬಿಗಳ ಬಗ್ಗೆ ಸುಳ್ಳು ಹೇಳಲಾರೆ. ಒಂದು ಹನಿಯೂ ಸೋರಲಿಲ್ಲ. ಅದೇ ಸಾರನ್ನು ಸಂಜೆ ಬಿಸಿ ಮಾಡಿ ನಮಗೆ ಬಡಿಸುತ್ತಿದ್ದಳು.

ಈ ವ್ಯಾಪಾರಕ್ಕೆ ಅಮ್ಮನನ್ನು ಇಳಿಸಿದವಳು ರಾಜಾಜಿನಗರದ ಪದ್ಮಿನಿ ಮೇಡಂ. ಅಮ್ಮನಂಥ ಇಪ್ಪತ್ತು ಹೆಂಗಸರು ಅವಳ ಕೈಕೆಳಗಿದ್ದರು; ಅವರು ಮಾರಿದ್ದರಲ್ಲೆಲ್ಲ ಅವಳಿಗೆ ಪಾಲು. ಅವಳು ಡಬ್ಬಿ ಮುಟ್ಟಿದ್ದನ್ನು ನಾನು ನೋಡಿಲ್ಲ. ಕಾರಿನಲ್ಲಿ ಬಂದು, ನಮ್ಮ ಮನೆಯಲ್ಲಿದ್ದ ಒಂದೇ ಒಂದು ಒಳ್ಳೆಯ ಕುರ್ಚಿಯಲ್ಲಿ ಕೂತು, ಅಮ್ಮನನ್ನು ‘ವಿಶಾಲಾ’ ಎಂದು ಕರೆದು, ಹೆಂಗಸರು ಸ್ವಂತ ಕಾಲ ಮೇಲೆ ನಿಲ್ಲಬೇಕು ಎಂದು ಭಾಷಣ ಮಾಡುತ್ತಿದ್ದಳು. ಬರದ ಶನಿವಾರ ಸಂಜೆ ಏಳಕ್ಕೆ ಫೋನ್ ಮಾಡಿ ಎಷ್ಟು ಡಬ್ಬಿ ಹೋಯಿತು ಎಂದು ಕೇಳುತ್ತಿದ್ದಳು. ಕಡಿಮೆ ಎಂದರೆ, “ಪರವಾಗಿಲ್ಲ ವಿಶಾಲಾ, ಕೆಲವರಿಗೆ ಹಸಿವು ಕಡಿಮೆ,” ಎನ್ನುತ್ತಿದ್ದಳಂತೆ. ಹಸಿವು ಎಂದರೆ ಅವಳ ಭಾಷೆಯಲ್ಲಿ ಉತ್ಸಾಹ. ಸ್ವಂತ ಕಾಲ ಮೇಲೆ ನಿಲ್ಲುವ ಬಗ್ಗೆ ಇಷ್ಟು ಮಾತಾಡಿ, ಇಪ್ಪತ್ತು ಜನರ ಕಾಲ ಮೇಲೆ ನಿಂತ ಹೆಂಗಸನ್ನು ಆಮೇಲೆ ನಾನು ಹಲವು ಕಚೇರಿಗಳಲ್ಲಿ ನೋಡಿದ್ದೇನೆ, ಗಂಡಸಿನ ರೂಪದಲ್ಲೂ ನೋಡಿದ್ದೇನೆ. ಮೊದಲು ನೋಡಿದ್ದು ಮಾತ್ರ ನಮ್ಮ ಹಾಲ್‌ನಲ್ಲಿ.

ಪದ್ಮಿನಿ ಮೇಡಂ ಹತ್ತಿರ ಇಲ್ಲದ್ದು ಅಮ್ಮನ ಹತ್ತಿರ ಒಂದಿತ್ತು: ಅವಳ ಕಾರ್ಡುಗಳು. ಮದುವೆಯ ಕರೆಯೋಲೆಗಳನ್ನು ಅಂಗೈ ಅಗಲಕ್ಕೆ ಕತ್ತರಿಸಿ, ಖಾಲಿ ಇದ್ದ ಬದಿಯಲ್ಲಿ ಒಬ್ಬೊಬ್ಬ ಹೆಂಗಸಿನ ಬಗ್ಗೆ ಬರೆಸಿ, ಬೂಟಿನ ರಟ್ಟಿನ ಪೆಟ್ಟಿಗೆಯಲ್ಲಿ ಬೀದಿಬೀದಿಗೂ ಬೇರೆ ಸಾಲು ಮಾಡಿ ನಿಲ್ಲಿಸಿದ್ದಳು. ಬರೆಸಿ ಅಂದೆ, ಯಾಕೆಂದರೆ ಅಮ್ಮನ ಕೈಬರಹ ಕೋಳಿ ಕೆದಕಿದ ಹಾಗಿತ್ತು, ಬರೆಯುತ್ತಿದ್ದವಳು ನಾನು. ಅವಳು ಚಪಾತಿ ಲಟ್ಟಿಸುತ್ತ ಹೇಳುತ್ತಿದ್ದಳು, ನಾನು ಹೊಸ್ತಿಲ ಮೇಲೆ ಕೂತು ಬರೆಯುತ್ತಿದ್ದೆ.

“ಸರೋಜಾ ಟೀಚರ್. ಹಸಿರು ಬಣ್ಣ ಆಗಲ್ಲ. ಅತ್ತೆ ಮಲಗಿರ್ತಾರೆ, ಮೂರು ಗಂಟೆಗೆ ಮುಂಚೆ ಫೋನ್ ಮಾಡ್ಬಾರ್ದು. ಮಗಳು ಹಾಸ್ಟೆಲ್‌ಗೆ ಹೋದ್ಮೇಲೆ ಚಿಕ್ಕ ಡಬ್ಬಿ ಕೇಳ್ತಾರೆ, ದೊಡ್ಡದು ತೋರಿಸ್ಬೇಡ. ಬರ್ಕೊಂಡ್ಯಾ?”

ಯಾರ ಮುಚ್ಚಳ ಬಿಸಿನೀರಿಗೆ ಸೊಟ್ಟಗಾಗಿದೆ, ಯಾರ ಗಂಡ ಶನಿವಾರ ಮನೆಯಲ್ಲಿದ್ದರೆ ಹೊರಗೆ ಬಿಡುವುದಿಲ್ಲ, ಯಾರ ಎದುರು ಯಾರ ಮಗುವಿನ ಸುದ್ದಿ ಎತ್ತಬಾರದು, ಎಲ್ಲ ಅದರಲ್ಲಿತ್ತು. ಆಗ ನನಗೆ ಇದೊಂದು ದರಿದ್ರ ಕೆಲಸ ಎನಿಸುತ್ತಿತ್ತು. ಮಹಾಲಕ್ಷ್ಮಿ ಲೇಔಟ್‌ನ ನನ್ನ ಗೆಳತಿಯರ ಅಮ್ಮಂದಿರು ಬ್ಯಾಂಕಿಗೆ, ಶಾಲೆಗೆ ಹೋಗುತ್ತಿದ್ದರು. ನನ್ನಮ್ಮ ಬೀದಿಯವರ ಬೇಳೆಕಾಳಿನ ಚರಿತ್ರೆ ಬರೆಸುತ್ತಿದ್ದಳು.

ಕಾರ್ಡಿನ ಇನ್ನೊಂದು ಬದಿಯಲ್ಲಿ ಮದುವೆಯ ಅಚ್ಚು ಇರುತ್ತಿತ್ತು. ಬಂಗಾರದ ಬಣ್ಣದ ಗಣಪತಿ, ಅರ್ಧ ಕತ್ತರಿಸಿದ ವಧುವರರ ಹೆಸರು, ‘ಬಂಧುಮಿತ್ರರ ಆಗಮನ’ದ ಒಂದು ತುಂಡು. ಆ ಬದಿಯನ್ನು ಯಾರೂ ನೋಡುತ್ತಿರಲಿಲ್ಲ. ಒಂದು ದಿನ, ಅಪ್ಪನ ಅಭಿನಯ ನೋಡಿ ನಕ್ಕು ಬಂದ ಹುರುಪಿನಲ್ಲಿ, ಸರೋಜಾ ಟೀಚರ ಕಾರ್ಡಿನ ಆ ಬದಿಯಲ್ಲಿ, ಗಣಪತಿಯ ಕೆಳಗೆ, ಪೆನ್ಸಿಲಿನಿಂದ ಸಣ್ಣದಾಗಿ ಬರೆದೆ: ‘ಮಾತಾಡುವುದು ಪಾಠದ ಹಾಗೆ. ತಿನ್ನುವುದು ಮಗ್ಗಿಯ ಹಾಗೆ, ಎರಡರಿಂದ ಶುರು.’ ಅಪ್ಪನಿಗೆ ತೋರಿಸಿದೆ. ಅವನು ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

“ನೀನು ನನ್ನ ಮಗಳು ಕಣೇ,” ಎಂದ.

ಆ ಮಾತಿನಿಂದ ನಾನು ಎಷ್ಟು ಉಬ್ಬಿದೆ ಎಂದು ಹೇಳಲು ನಾಚಿಕೆಯಾಗುತ್ತದೆ. ಆಮೇಲೆ ವಾರಕ್ಕೆ ಒಂದೆರಡಾದರೂ ಬರೆಯುತ್ತಿದ್ದೆ. ಪೆನ್ಸಿಲು ಚೂಪು ಮಾಡಿಕೊಂಡು ಪಾರ್ಟಿಯಲ್ಲಿ ಕೂರುತ್ತಿದ್ದೆ. ಈಗ ನಾನು ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವವಳು, ಇನ್ನೊಬ್ಬರ ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡು. ಅದರ ತರಬೇತಿ ಅಲ್ಲಿಯೇ ಆಯಿತು.

ಶಿವಲೀಲಾ ಬಂದದ್ದು ಆ ದಿನಗಳಲ್ಲಿ. ವಿಜಯಪುರದ ಕಡೆಯವಳು. ಗಂಡ ನಾಯಂಡಹಳ್ಳಿಯ ಒಂದು ಗೋಡೌನಿನಲ್ಲಿ ಮೂಟೆ ಇಳಿಸುತ್ತಿದ್ದ. ಕುರುಬರಹಳ್ಳಿಯ ಒಂದು ವಠಾರದ ಮಾಳಿಗೆಯಲ್ಲಿ ಒಂದೇ ಕೋಣೆಯ ಮನೆ. ತರಕಾರಿ ಗಾಡಿಯ ಹತ್ತಿರ ಪರಿಚಯವಾಗಿ, ಅಮ್ಮ ಶನಿವಾರ ಬನ್ನಿ ಎಂದು ಕರೆದಿದ್ದಳು. ಶಿವಲೀಲಾ ಎಲ್ಲರಿಗಿಂತ ಮೊದಲು ಬಂದು, ಎಲ್ಲರಿಗಿಂತ ಕೊನೆಗೆ ಹೋಗುತ್ತಿದ್ದಳು. ಎರಡು ರೇಷ್ಮೆಯಂಥ ಸೀರೆಗಳು, ಒಂದು ವಾರ ಒಂದು, ಇನ್ನೊಂದು ವಾರ ಇನ್ನೊಂದು. ಅವಳು ಮಾತಾಡಿದರೆ ಬೇರೆ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ ತುಟಿ ಬಿಗಿಹಿಡಿಯುತ್ತಿದ್ದರು. ಅವಳಿಗೆ ಅದು ಗೊತ್ತಾಗುತ್ತಿರಲಿಲ್ಲ ಎಂದು ನಾನು ತಿಳಿದಿದ್ದೆ. ಡಬ್ಬಿಗಳ ಚಿತ್ರದ ಪುಸ್ತಕ ಕೈಗೆ ಬಂದರೆ ನನ್ನನ್ನು ಕರೆಯುತ್ತಿದ್ದಳು.

“ಸುಧಾ, ಕನ್ನಡಕ ಮನ್ಯಾಗ ಬಿಟ್ಟ ಬಂದೀನವಾ. ಇದರಾಗ ಏನ ಬರದಾರ ಓದು.”

ಪ್ರತಿ ವಾರ ಕನ್ನಡಕ ಮನೆಯಲ್ಲೇ ಉಳಿಯುತ್ತಿತ್ತು. ನಾನು ಬೇಸರದಿಂದ ಓದಿ ಹೇಳುತ್ತಿದ್ದೆ. ನನ್ನ ಕೆನ್ನೆ ಸವರಿ, ಎಷ್ಟ ಚಂದ ಓದ್ತಿ ಎನ್ನುತ್ತಿದ್ದಳು. ಸ್ಕೂಲಿನಲ್ಲಿ ಬಹುಮಾನ ಬಂದಾಗ ಕೂಡ ನನ್ನನ್ನು ಯಾರೂ ಹಾಗೆ ಹೊಗಳಿರಲಿಲ್ಲ. ಅದೂ ನನಗೆ ಹೇಸಿಗೆ ಎನಿಸುತ್ತಿತ್ತು.

ಬಂದ ವಾರಗಳಲ್ಲೆಲ್ಲ ಅವಳು ಒಂದು ಡಬ್ಬಿ ತೆಗೆದುಕೊಂಡಳು. ಒಂದು ಸಲ ಅವಳಿಗೆ ಬೇಕಾದ ಬಣ್ಣ ತಡವಾಗಿ ಬಂತು; ತಲುಪಿಸಿ ಬಾ ಎಂದು ಅಮ್ಮ ನನ್ನನ್ನು ಕಳಿಸಿದಳು. ಶಿವಲೀಲಾ ನೀರಿಗೆ ಕೆಳಗೆ ಹೋಗಿದ್ದಳು. ಬಾಗಿಲು ತೆರೆದೇ ಇತ್ತು. ಒಲೆಯ ಮೇಲಿನ ಹಲಗೆಯಲ್ಲಿ ನಮ್ಮ ಡಬ್ಬಿಗಳು ಎತ್ತರದ ಪ್ರಕಾರ ಸಾಲಾಗಿ ನಿಂತಿದ್ದವು, ಒಂದೊಂದರ ಕೆಳಗೂ ಕತ್ತರಿಯಿಂದ ಹಲ್ಲು ಹಲ್ಲಾಗಿ ಕತ್ತರಿಸಿದ ಪೇಪರು. ತಂದದ್ದನ್ನು ಅಲ್ಲಿ ಸೇರಿಸೋಣ ಎಂದು ಜರುಗಿಸಿದೆ. ಒಂದು ಹಗುರವಾಗಿತ್ತು. ಇನ್ನೊಂದನ್ನು ಎತ್ತಿದೆ, ಅದೂ ಹಗುರ. ಎಲ್ಲವನ್ನೂ ಎತ್ತಿ ನೋಡಿದೆ. ನಾಲ್ಕೂ ಖಾಲಿ; ನಾನು ತಂದದ್ದು ಐದನೆಯದು. ಜೋಳದ ಹಿಟ್ಟು ನೆಲದ ಮೇಲೆ ಒಂದು ಸಣ್ಣ ಚೀಲದಲ್ಲಿತ್ತು, ಬೇಳೆ ಪೇಪರಿನ ಪೊಟ್ಟಣದಲ್ಲಿ.

ಮನೆಗೆ ಬಂದವಳೇ ಅವಳ ಕಾರ್ಡು ತೆಗೆದು ಗಣಪತಿಯ ಕೆಳಗೆ ಬರೆದೆ. ಅಪ್ಪನಿಗೆ ತೋರಿಸಿದೆ. ಈ ಸಲ ಅವನು ಕಾರ್ಡನ್ನು ಎರಡು ಸಲ ಓದಿ, “ಇದು ಫಸ್ಟ್ ಕ್ಲಾಸ್,” ಎಂದ.

ಅದೇ ಸಮಯದಲ್ಲಿ ಪದ್ಮಿನಿ ಮೇಡಂ ಕಂಪ್ಯೂಟರ್ ಕೊಂಡಳು. ಆಗ ಮನೆಗಳಲ್ಲಿ ಅದಿನ್ನೂ ಅಪರೂಪ. ಅವಳ ಇಪ್ಪತ್ತು ಹೆಂಗಸರ ಗಿರಾಕಿಗಳೆಲ್ಲ ಅದರೊಳಗೆ ಹೋಗಬೇಕು ಎಂದು ಅವಳಿಗೆ ಹುಚ್ಚು ಹತ್ತಿತು. ಉಳಿದವರ ಹತ್ತಿರ ಕೊಡುವುದಕ್ಕೆ ಏನೂ ಇರಲಿಲ್ಲ; ನೆನಪಿನಲ್ಲಿದ್ದಷ್ಟೇ. ಅಮ್ಮನ ಹತ್ತಿರ ಮಾತ್ರ ಪೆಟ್ಟಿಗೆ ಇತ್ತು.

“ಇನ್ನೂ ಕಾರ್ಡ್ ಇಟ್ಕೊಂಡು ಕೂತಿದ್ದೀಯಲ್ಲ ವಿಶಾಲಾ. ಪೆಟ್ಟಿಗೆ ಕೊಡು, ಒಂದು ವಾರದಲ್ಲಿ ಎಲ್ಲ ಒಳಗೆ ಹಾಕಿಸ್ತೀನಿ. ಒಂದು ಬಟನ್ ಒತ್ತಿದ್ರೆ ಎಲ್ಲ ಬರತ್ತೆ.”

“ನಂಗೆ ಬಟನ್ ಇಲ್ದೇನೇ ಬರತ್ತಲ್ಲ ಮೇಡಂ,” ಎಂದಳು ಅಮ್ಮ. ಆದರೂ ಕೊನೆಗೆ ಒಪ್ಪಿದಳು. ಮುಂದಿನ ಶನಿವಾರ ಪಾರ್ಟಿಗೆ ಬಂದು, ಹೋಗುವಾಗ ಪೆಟ್ಟಿಗೆ ತೆಗೆದುಕೊಂಡು ಹೋಗುವುದು ಎಂದಾಯಿತು. ನನ್ನ ಪೆನ್ಸಿಲ್ ಸಾಲುಗಳೂ ಅದರ ಜೊತೆ ಹೋಗುತ್ತವೆ. ಕುಳಿತು ಎಲ್ಲವನ್ನೂ ಅಳಿಸಬೇಕಿತ್ತು. ಪರೀಕ್ಷೆ ಇತ್ತು, ಸೋಮಾರಿತನ ಇತ್ತು, ಮದುವೆಯ ಅಚ್ಚಿನ ಬದಿಯನ್ನು ಯಾರು ನೋಡುತ್ತಾರೆ ಎಂಬ ಧೈರ್ಯವೂ ಇತ್ತು. ಸತ್ಯ ಹೇಳಬೇಕೆಂದರೆ, ಅಳಿಸಲು ಮನಸ್ಸೂ ಬರಲಿಲ್ಲ. ಅಷ್ಟು ಚೆನ್ನಾಗಿ ಬರೆದಿದ್ದೇನೆ ಎನ್ನುವ ಹೆಮ್ಮೆ.

ಆ ಶನಿವಾರ ಪದ್ಮಿನಿ ಮೇಡಂ ಬಂದಿದ್ದಾಳೆಂದು ಹನ್ನೆರಡು ಜನ ಸೇರಿದ್ದರು. ಸಾರಿನ ಪ್ರದರ್ಶನ ಆಯಿತು, ಉಪ್ಪಿಟ್ಟು ಆಯಿತು. ಕೊನೆಯ ಆಟ ಯಾವಾಗಲೂ ಒಂದೇ: ಬಂದವರ ಕಾರ್ಡುಗಳನ್ನೆಲ್ಲ ಒಂದು ಪಾತ್ರೆಗೆ ಹಾಕಿ ನಾನು ಒಂದನ್ನು ಎತ್ತಬೇಕು, ಯಾರದು ಬಂತೋ ಅವರಿಗೆ ಒಂದು ಚಿಕ್ಕ ಡಬ್ಬಿ ಉಡುಗೊರೆ. ಎತ್ತಿದೆ. ಶಿವಲೀಲಾ. ಅವಳಿಗೆ ಅಲ್ಲಿಯವರೆಗೆ ಒಂದು ಸಲವೂ ಬಂದಿರಲಿಲ್ಲ. ನಾನು ಹೆಸರು ಓದಿ ಕಾರ್ಡನ್ನು ಪಾತ್ರೆಗೆ ವಾಪಸ್ ಹಾಕುವಷ್ಟರಲ್ಲಿ, ಅವಳು ಎದ್ದು ಬಂದು ಅದನ್ನು ನನ್ನ ಕೈಯಿಂದ ತೆಗೆದುಕೊಂಡಳು. ಬರೆದದ್ದು ಅವಳಿಗೆ ಬೇಕಿರಲಿಲ್ಲ. ತಿರುಗಿಸಿ ಗಣಪತಿಯ ಚಿತ್ರ ನೋಡಿ ಕಣ್ಣಿಗೆ ಒತ್ತಿಕೊಂಡಳು. ಕೆಳಗಿನ ಪೆನ್ಸಿಲ್ ಸಾಲು ಅವಳಿಗೆ ಆಗ ಕಂಡಿತು. ಉಡುಗೊರೆಯ ಬಗ್ಗೆ ಏನೋ ಬರೆದಿದೆ ಎಂದುಕೊಂಡಳು.

“ಇಲ್ಲಿ ಏನೋ ಬರದೈತಿ. ನನ್ನ ಕನ್ನಡಕ ಇಲ್ರಿ ಮೇಡಂ, ನೀವ ಓದ್ರಿ,” ಎಂದು ಕುರ್ಚಿಯಲ್ಲಿ ಕೂತಿದ್ದ ಪದ್ಮಿನಿ ಮೇಡಂಗೆ ಕೊಟ್ಟಳು.

ಪದ್ಮಿನಿ ಮೇಡಂ ಮೊದಲು ಮನಸ್ಸಿನಲ್ಲೇ ಓದಿಕೊಂಡಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಅದರಲ್ಲಿ ಏನಿದೆ ಎಂದು ಅವಳಿಗೆ ತಿಳಿಯಿತು. ಮಗುಚಿ ಪಕ್ಕಕ್ಕಿಡಬಹುದಿತ್ತು. ಬಾಯಿಗೆ ಬಂದದ್ದು ಏನಾದರೂ ಹೇಳಬಹುದಿತ್ತು. ಅವಳು ಗಂಟಲು ಸರಿಮಾಡಿಕೊಂಡು, ಎಲ್ಲರಿಗೂ ಕೇಳುವ ಹಾಗೆ ಓದಿದಳು:

“‘ಶಿವಲೀಲಾ. ಐದು ಡಬ್ಬಿ ಇದೆ. ಒಳಗೆ ಹಾಕುವುದಕ್ಕೆ ಏನೂ ಇಲ್ಲ. ಗಾಳಿಯನ್ನು ಗಾಳಿಯಾಡದ ಹಾಗೆ ಕಾಪಾಡುತ್ತಿದ್ದಾರೆ.’”

ಆಗ ಪರದೆಯ ಹಿಂದಿನಿಂದ ಅಪ್ಪ ನಕ್ಕ. ತಡೆದುಕೊಳ್ಳಲು ನೋಡಿ, ಆಗದೆ, ಮೂಗಿನಿಂದ ಹೊರಬಂದಂಥ ನಗು. ಹನ್ನೆರಡೂ ಹೆಂಗಸರು ಪರದೆಯ ಕಡೆ ತಿರುಗಿದರು. ಇಷ್ಟು ತಿಂಗಳು ಒಳಗೊಬ್ಬ ಗಂಡಸು ತಮ್ಮ ಮಾತನ್ನು ಕೇಳಿಸಿಕೊಳ್ಳುತ್ತ ಮಲಗಿರುತ್ತಾನೆ ಎನ್ನುವುದು ಅವರಿಗೆ ಆ ಕ್ಷಣದಲ್ಲಿ ಹೊಳೆದಿರಬೇಕು. ಶಿವಲೀಲಾ, ಅಮ್ಮ ಆಗಲೇ ಕೈಗಿತ್ತಿದ್ದ ಉಡುಗೊರೆಯ ಡಬ್ಬಿಯನ್ನು ಗೋಪುರದ ಮೇಲೆ ಅದರ ಜಾಗದಲ್ಲಿ ಇಟ್ಟು, ಚಪ್ಪಲಿ ಮೆಟ್ಟಿಕೊಂಡು ಹೋದಳು. ಅವಳ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಎದ್ದರು.

ಉಳಿದದ್ದು ಪದ್ಮಿನಿ ಮೇಡಂ ಒಬ್ಬಳೇ.

“ಡಬ್ಬಿಗೆ ಹಾಕೋಕೆ ಇಲ್ದೋರನ್ನೆಲ್ಲ ಸೇರಿಸ್ಕೊಂಡ್ರೆ ಹೀಗೇ ವಿಶಾಲಾ. ಪಾರ್ಟಿ ಲೆವೆಲ್ ಬಿದ್ದೋಗತ್ತೆ. ಸರಿ, ಆ ಪೆಟ್ಟಿಗೆ ಕೊಡು, ನಾನು ಹೊರಡ್ತೀನಿ.”

“ಪೆಟ್ಟಿಗೆ ಕೊಡಲ್ಲ ಮೇಡಂ.”

“ಮತ್ತೆ ಕಂಪ್ಯೂಟರ್‌ಗೆ?”

“ಕಂಪ್ಯೂಟರ್‌ಗೆ ಇವರ್ಯಾರೂ ಗೊತ್ತಿಲ್ಲ. ನಂಗೆ ಗೊತ್ತು.”

ಪದ್ಮಿನಿ ಮೇಡಂ ಹೋದ ಮೇಲೆ ಅಮ್ಮ ಅಡುಗೆಮನೆಯ ನೆಲದ ಮೇಲೆ ಕೂತು ಎಲ್ಲ ಕಾರ್ಡುಗಳನ್ನೂ ತಿರುಗಿಸಿ ಓದಿದಳು. ಹತ್ತೊಂಬತ್ತರಲ್ಲಿ ನನ್ನ ಪೆನ್ಸಿಲ್ ಇತ್ತು. ಅವುಗಳನ್ನು ಬೇರೆ ತೆಗೆದಿಟ್ಟಳು. ಹೊಡೆಯುತ್ತಾಳೆ ಎಂದು ನಾನು ಕಾಯುತ್ತಿದ್ದೆ. ಹೊಡೆದಿದ್ದರೆ ಅಪ್ಪನ ಹತ್ತಿರ ಹೋಗಿ ಅಳಬಹುದಿತ್ತು.

“ಇದ್ರಲ್ಲಿ ಒಂದೂ ಸುಳ್ಳಿಲ್ಲ,” ಎಂದಳು. “ಸುಳ್ಳು ಬರ್ದಿದ್ರೆ ಮಕ್ಕಳ ಬುದ್ಧಿ ಅಂತ ಬಿಟ್ಬಿಡ್ತಿದ್ದೆ.”

ಅಪ್ಪ ಬಾಗಿಲಿಗೆ ಬಂದು, ಮಗು ಏನೋ ತಮಾಷೆಗೆ ಎಂದು ಶುರುಮಾಡಿದ. ಅಮ್ಮ ತಲೆ ಎತ್ತಲಿಲ್ಲ.

“ಇನ್ಮೇಲೆ ಶನಿವಾರ ಮಧ್ಯಾಹ್ನ ನೀವು ಮನೇಲಿ ಇರಬೇಡಿ. ಎಲ್ಲಾದ್ರೂ ಹೋಗಿ.”

ಅಮ್ಮ ಅವನಿಗೆ ಏನಾದರೂ ಬೇಡ ಎಂದು ಹೇಳಿದ್ದು ನಾನು ಕೇಳಿದ ಹಾಗೆ ಅದೇ ಮೊದಲು. ಅಪ್ಪ ನನ್ನ ಕಡೆ ನೋಡಿದ. ನಾನು ಅವನ ಪರ ನಗುತ್ತೇನೆ ಎಂದು ಎಣಿಸಿದ್ದನೇನೋ. ಬೇರೆಯವರನ್ನು ನೋಡಿ ನಗುವುದಕ್ಕೆ ಅವನಿಗೆ ಪರದೆ ಬೇಕು, ಹದಿಮೂರು ವರ್ಷದ ಒಬ್ಬಳು ಶ್ರೋತೃ ಬೇಕು, ಎರಡೂ ಇಲ್ಲದಿದ್ದರೆ ಅವನಲ್ಲಿ ಏನೂ ಇಲ್ಲ ಎಂದು ನನಗೆ ಆಗ ಅನಿಸಿತು. ಅದು ಕೂಡ ತಾತ್ಸಾರವೇ. ನನ್ನ ಹತ್ತಿರ ಬೇರೆ ಏನೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಅಮ್ಮ ನನಗೆ ಎಣ್ಣೆ ಹಚ್ಚಿ ಜಡೆ ಹಾಕಿ, ಹತ್ತೊಂಬತ್ತು ಕಾರ್ಡುಗಳನ್ನು ಕೈಗೆ ಕೊಟ್ಟು, ಮನೆಮನೆಗೆ ಕರೆದುಕೊಂಡು ಹೋದಳು.

“ನಿನ್ನ ಅಕ್ಷರ. ನೀನೇ ಓದು,” ಎಂದಷ್ಟೇ ಹೇಳಿದಳು.

ಓದಿದೆ. ಒಬ್ಬೊಬ್ಬರ ಹಾಲ್‌ನಲ್ಲಿ ನಿಂತು, ಅವರ ಎದುರಿಗೆ, ಅವರ ಬಗ್ಗೆ ನಾನು ಬರೆದದ್ದನ್ನು ಓದಿದೆ. ಸರೋಜಾ ಟೀಚರ್ ಪೂರ್ತಿ ಕೇಳಿ, ಕಾರ್ಡು ಇಸಿದುಕೊಂಡು, ಒಂದು ಕಾಗುಣಿತ ತಿದ್ದಿ ವಾಪಸ್ ಕೊಟ್ಟು, “ನಂಗೆ ಶುಗರ್ ಇದೆ ಕಣೇ, ಹಸಿವು ತಡ್ಕೊಳೋಕಾಗಲ್ಲ,” ಎಂದರು. ಒಬ್ಬರು ಬಾಗಿಲು ಹಾಕಿಕೊಂಡರು. ಒಬ್ಬರು ನನ್ನನ್ನು ಬಿಟ್ಟು ಅಮ್ಮನಿಗೆ ಮಾತ್ರ ಕಾಫಿ ಕೊಟ್ಟರು. ಅಮ್ಮ ಅದನ್ನು ಕುಡಿದಳು, ನನಗೆ ಒಂದು ಗುಟುಕೂ ಕೊಡಲಿಲ್ಲ. ಚಮತ್ಕಾರ ಎಂದುಕೊಂಡು ಬರೆದ ಸಾಲುಗಳು ಅವರವರ ಮನೆಯಲ್ಲಿ, ಅವರವರ ದೇವರಪಟದ ಕೆಳಗೆ, ಎಂಥ ಬಡಕಲು ಸಾಲುಗಳಾಗಿ ಕೇಳಿಸಿದವು ಎಂದರೆ, ಹತ್ತನೆಯ ಮನೆಯ ಹೊತ್ತಿಗೆ ನನ್ನ ಸ್ವರ ನನಗೇ ಅಪ್ಪನ ಸ್ವರದ ಹಾಗೆ ಕೇಳಿಸತೊಡಗಿತು.

ಶಿವಲೀಲಾಳ ಮನೆ ಕೊನೆಗೆ. ಗಂಡ ಭಾನುವಾರವೂ ಕೆಲಸಕ್ಕೆ ಹೋಗಿದ್ದ. ಅವಳು ನಮಗೆ ಚಾಪೆ ಹಾಸಿ, ನೀರು ಕೊಟ್ಟು, ಗೋಡೆಗೆ ಒರಗಿ ನಿಂತಳು. ನಾನು ಓದಿದೆ.

“ಇನ್ನೊಮ್ಮೆ ಓದು,” ಎಂದಳು.

ಮತ್ತೆ ಓದಿದೆ. ಅರ್ಧಕ್ಕೆ ನಿಲ್ಲಿಸಿದೆ. ಅವಳು ಕಾದಳು. ಮುಗಿಸಿದೆ.

“ಖರೇನ ಬರದಿ,” ಎಂದಳು. ಸಿಟ್ಟು ಇರಲಿಲ್ಲ, ಅದೇ ನನಗೆ ತಡೆಯಲಾಗದ್ದು. “ನನಗ ಓದಾಕ ಬರಂಗಿಲ್ಲ. ಕನ್ನಡಕ ಗಿನ್ನಡಕ ಏನೂ ಇಲ್ಲ. ಇನ್ನೊಂದು ಕಾರ್ಡ್ ಬರದರ ಅದನ್ನೂ ಬರಿ.” ಆಮೇಲೆ ಅಮ್ಮನ ಕಡೆ ತಿರುಗಿದಳು. “ಡಬ್ಬಿ ನನಗ ಯಾಕ ಬೇಕ್ರಿ ಅಕ್ಕಾರ. ಈ ಊರಾಗ ಬಂದು ಎರಡು ವರ್ಷಾತು, ಒಬ್ಬರ ಮನ್ಯಾಗ ಕುಂತಿಲ್ಲ. ಡಬ್ಬಿ ತೊಗೊಂಡ್ರ ನೀವು ಕರೀತೀರಿ. ನೀವು ಕರದ್ರ ನಾಲ್ಕು ಮಂದಿ ಕೂಡ ಕುಂದರತೀನಿ. ತೊಗೊಳ್ಳಲಿಲ್ಲ ಅಂದ್ರ ಯಾರು ಕರೀತಾರ?”

ಅಮ್ಮನ ಕಾರ್ಡುಗಳಲ್ಲಿ ಎಲ್ಲರ ಬಗ್ಗೆ ಎಲ್ಲವೂ ಇತ್ತು, ಇದೊಂದು ಇರಲಿಲ್ಲ. ಅವಳು ನೀರಿನ ಲೋಟವನ್ನು ಕೆಳಗಿಟ್ಟಳು.

“ಶನಿವಾರ ಬರ್ತೀರಾ?” ಎಂದು ಅಮ್ಮ ಕೇಳಿದಳು.

“ಇಲ್ರಿ. ಆ ಮನ್ಯಾಗ ಇನ್ನ ಬರಂಗಿಲ್ಲ.”

“ಸರಿ. ಹಾಗಾದ್ರೆ ಈ ಶನಿವಾರ ಇಲ್ಲೇ ಸೇರೋಣ. ನಾನು ಎಲ್ಲರಿಗೂ ಹೇಳ್ತೀನಿ.”

ಶಿವಲೀಲಾ ಆ ಕೋಣೆಯನ್ನು ಒಮ್ಮೆ ಸುತ್ತ ನೋಡಿದಳು. ಎಷ್ಟು ಜನ ಹಿಡಿಸುತ್ತಾರೆ ಎಂದು ಎಣಿಸುತ್ತಿದ್ದಳೇನೋ.

ಶನಿವಾರ ಬಂದವರು ನಾಲ್ಕು ಜನ. ಉಳಿದವರು ವಠಾರದ ಮಾಳಿಗೆ ಹತ್ತಲಾರದವರು. ಅವರ ಮೊಣಕಾಲು ನಮ್ಮ ಮನೆಗೆ ಬರುವಾಗ ಸರಿಯಾಗಿಯೇ ಇರುತ್ತಿತ್ತು. ಅವರ ಬಗ್ಗೆ ನನ್ನ ಅಭಿಪ್ರಾಯ ಇವತ್ತಿಗೂ ಬದಲಾಗಿಲ್ಲ. ಸರೋಜಾ ಟೀಚರ್ ಮೆಟ್ಟಿಲ ಮೇಲೆ ಎರಡು ಕಡೆ ನಿಂತು ಉಸಿರು ತೆಗೆದುಕೊಂಡು ಬಂದರು. ಅಮ್ಮ ಡಬ್ಬಿಯ ಚೀಲ ತಂದಿದ್ದಳು. ಬಾಗಿಲ ಹಿಂದೆ ಇಟ್ಟಳು, ಅದು ಅಲ್ಲೇ ಇತ್ತು. ಶಿವಲೀಲಾ ಶೇಂಗಾದ ಹೋಳಿಗೆ ಮಾಡಿದ್ದಳು. ಅಷ್ಟು ಶೇಂಗಾ, ಬೆಲ್ಲ ಎಲ್ಲಿಂದ ತಂದಳೋ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಸರೋಜಾ ಟೀಚರ್ ಶುಗರ್ ಮರೆತು ಎರಡು ತಿಂದು, ನನ್ನ ಮುಖ ನೋಡಿ ಮೂರನೆಯದನ್ನೂ ತೆಗೆದುಕೊಂಡರು. ಆಟ ಇರಲಿಲ್ಲ, ಸಾರು ಇರಲಿಲ್ಲ, ಭಾಷಣ ಇರಲಿಲ್ಲ. ಶಿವಲೀಲಾ ತಮ್ಮೂರಿನ ಕೆರೆ ಬತ್ತಿದಾಗ ಒಳಗೆ ಸಿಕ್ಕ ಬಳೆಗಳ ಬಗ್ಗೆ ಹೇಳಿದಳು. ಅವಳ ಮಾತಿಗೆ ಯಾರೂ ತುಟಿ ಬಿಗಿಹಿಡಿಯಲಿಲ್ಲ. ಸರೋಜಾ ಟೀಚರ್ ಹಾಸ್ಟೆಲ್‌ಗೆ ಹೋದ ಮಗಳು ಪತ್ರ ಬರೆಯುವುದಿಲ್ಲ ಎಂದರು, ಸ್ವಲ್ಪ ಅತ್ತರು. ನಾನು ಮೂಲೆಯಲ್ಲಿ ಕೂತಿದ್ದೆ. ನನ್ನನ್ನು ಯಾರೂ ಮಾತಾಡಿಸಲಿಲ್ಲ, ಕ್ಷಮಿಸಿದೆವು ಎಂದೂ ಹೇಳಲಿಲ್ಲ. ಶಿವಲೀಲಾ ಎಲ್ಲರಿಗೂ ಬಡಿಸುವ ಹಾಗೆ ನನ್ನ ತಟ್ಟೆಗೂ ಹೋಳಿಗೆ ಹಾಕಿದಳು. ಕೆನ್ನೆ ಸವರಲಿಲ್ಲ. ಮುಂದೆ ಅವರು ಬೇರೆ ಕಡೆ ಮನೆ ಮಾಡಿಕೊಂಡು ಹೋಗುವವರೆಗೂ, ಒಂದೂವರೆ ವರ್ಷ, ಅಮ್ಮನ ಜೊತೆ ಅವಳು ಮೊದಲಿನ ಹಾಗೇ ಇದ್ದಳು. ನನಗೆ ಯಾವುದನ್ನೂ ಓದಿಕೊಡು ಎಂದು ಮತ್ತೆ ಕೇಳಲಿಲ್ಲ.

ಆ ಕಂಪನಿಯ ಬಗ್ಗೆ ನನಗಿದ್ದ ತಾತ್ಸಾರ ಅವತ್ತು ಇಳಿಯಲಿಲ್ಲ, ಹೆಚ್ಚಾಯಿತು. ಈ ಹೆಂಗಸರಿಗೆ ಒಬ್ಬರ ಮನೆಯಲ್ಲಿ ಒಬ್ಬರು ಕೂರುವುದಕ್ಕೆ ಡಬ್ಬಿಯ ನೆಪ ಹುಡುಕಿಕೊಟ್ಟು, ಆ ನೆಪವನ್ನು ಅವರಿಗೇ ಮಾರಿದವರು ಎಷ್ಟು ಜಾಣರಿರಬೇಕು. ಈಗ ನನ್ನ ಫೋನಿನಲ್ಲೂ ಅಂಥ ಮೂರು ಗುಂಪುಗಳಿವೆ. ಒಂದರಲ್ಲಿ ಫೇಸ್‌ಕ್ರೀಮು, ಒಂದರಲ್ಲಿ ಸೀರೆ, ಒಂದರಲ್ಲಿ ತೂಕ ಇಳಿಸುವ ಪುಡಿ. ಯಾರೂ ಯಾರ ಮನೆಗೂ ಹೋಗುವುದಿಲ್ಲ. ಬಟನ್ ಒತ್ತಿದರೆ ಎಲ್ಲ ಬರುತ್ತದೆ.

ಅವತ್ತು ಶಿವಲೀಲಾಳ ಕೋಣೆಯಿಂದ ನಾವು ಮನೆ ಮುಟ್ಟಿದಾಗ ಏಳು ಗಂಟೆ. ಅಪ್ಪ ಇನ್ನೂ ವಾಪಸ್ ಬಂದಿರಲಿಲ್ಲ. ಅಮ್ಮ ಬೀಗ ತೆಗೆಯುವಾಗಲೇ ಫೋನ್ ಹೊಡೆದುಕೊಳ್ಳುತ್ತಿತ್ತು. ಚಪ್ಪಲಿ ಬಿಡದೆ ಹೋಗಿ ಎತ್ತಿಕೊಂಡಳು. ಪದ್ಮಿನಿ ಮೇಡಂ ಸ್ವರ ನಾನಿದ್ದಲ್ಲಿಗೂ ಕೇಳಿಸುತ್ತಿತ್ತು.

“ಎಷ್ಟಾಯ್ತು ವಿಶಾಲಾ ಇವತ್ತು?”

“ಏನೂ ಆಗ್ಲಿಲ್ಲ ಮೇಡಂ.”

“ಏನೂ ಇಲ್ವಾ? ಮತ್ತೆ ಮಧ್ಯಾಹ್ನದಿಂದ ಅಲ್ಲಿ ಏನ್ ಮಾಡ್ತಿದ್ರಿ?”

ಅಮ್ಮ ಚಪ್ಪಲಿ ಕಳಚಿ ಪಕ್ಕಕ್ಕೆ ಸರಿಸಿದಳು.

“ಕೂತಿದ್ವಿ,” ಎಂದು ಫೋನ್ ಇಟ್ಟಳು.